ವಾಕ್ಯದ ಕೀಲು, ಗದ್ಯದ ತಿರುಳು

ಮಕ್ಕಳಿಗೆ ವ್ಯಾಕರಣ ಕಲಿಸುವುದು ಬೇರೆ, ಗದ್ಯಭಾಗವನ್ನು ಓದಿ ಅದರ ಸಾರವನ್ನು ಹೇಳಲು ಕಲಿಸುವುದು ಬೇರೆ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರಶ್ನೆಪತ್ರಿಕೆಯಲ್ಲಿ ಇವೆರಡಕ್ಕೂ ಪ್ರತ್ಯೇಕ ಅಂಕಗಳಿರುವುದರಿಂದ ಅಧ್ಯಾಪಕರು ಇವನ್ನು ಪ್ರತ್ಯೇಕ ದಿನಗಳಲ್ಲಿ ಬೋಧಿಸುತ್ತಾರೆ. ಮಕ್ಕಳು ಪ್ರತ್ಯೇಕವಾಗಿಯೇ ಕಂಠಪಾಠ ಮಾಡುತ್ತಾರೆ. ಕುಣಿಗಲ್, ಗುಬ್ಬಿ ಹಾಗೂ ತುಮಕೂರು ನಗರದಲ್ಲಿ ಒಟ್ಟು 32 ವರ್ಷಗಳ ಕಾಲ ಪ್ರೌಢಶಾಲೆಯ ಕನ್ನಡ ಅಧ್ಯಾಪಕರಾಗಿದ್ದ ನಮಗೆ ಇವೆರಡೂ ಒಂದೇ ಪಾಠದ ಎರಡು ಮಗ್ಗುಲುಗಳೆಂದು ತೋರಿದೆ.

ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ಮೂರು ಬಗೆಗಳನ್ನು ಓದುಗರು ತಮ್ಮ ಶಾಲಾದಿನಗಳಲ್ಲಿ ಕಲಿತೇ ಇರುತ್ತಾರೆ. ಒಂದೇ ಪೂರ್ಣಕ್ರಿಯಾಪದವಿದ್ದರೆ ಸಾಮಾನ್ಯ; ಸ್ವತಂತ್ರವಾಗಿ ನಿಲ್ಲಬಲ್ಲ ವಾಕ್ಯಗಳು ಕೂಡಿ ಒಂದು ಅಭಿಪ್ರಾಯವನ್ನು ಪೂರ್ಣಗೊಳಿಸಿದರೆ ಸಂಯೋಜಿತ; ಒಂದು ಪ್ರಧಾನ ವಾಕ್ಯಕ್ಕೆ ಉಳಿದವು ಅಧೀನವಾಗಿದ್ದರೆ ಮಿಶ್ರ. ನಮ್ಮ ಜಿಲ್ಲೆಯ ತೀರ್ಥಪುರದವರೇ ಆದ ತೀ. ನಂ. ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ'ವು ನಮ್ಮ ಮೇಜಿನ ಮೇಲೆ ಸದಾ ಇರುತ್ತಿತ್ತು. ಲಕ್ಷಣವನ್ನು ಒಪ್ಪಿಸುವುದರಲ್ಲಿ ಮಕ್ಕಳು ಹಿಂದೆ ಬೀಳುತ್ತಿರಲಿಲ್ಲ. ತೊಡಕು ಬರುತ್ತಿದ್ದುದು ಉದಾಹರಣೆಯ ಹತ್ತಿರ.

"ಅಜ್ಜಿ ಎದ್ದು, ಮುಖ ತೊಳೆದು, ವಿಭೂತಿ ಧರಿಸಿ, ಒಲೆ ಹೊತ್ತಿಸಿದಳು" ಎಂದು ಕಪ್ಪುಹಲಗೆಯ ಮೇಲೆ ಬರೆದರೆ, ನಾಲ್ಕು ಕೆಲಸಗಳನ್ನು ಎಣಿಸಿ ಸಂಯೋಜಿತ ವಾಕ್ಯವೆಂದು ಇಡೀ ತರಗತಿಯೇ ಕೂಗುತ್ತಿತ್ತು. ಪೂರ್ಣಕ್ರಿಯೆ 'ಹೊತ್ತಿಸಿದಳು' ಎಂಬುದೊಂದೇ. ಉಳಿದ ಮೂರೂ ಅದರತ್ತ ಸಾಗುತ್ತಿರುವ ಕ್ರಿಯೆಗಳು. ಇದು ಸಾಮಾನ್ಯ ವಾಕ್ಯ. ಕನ್ನಡದ ಜಾಯಮಾನವೇ ಹೀಗೆ. ಸಣ್ಣಪುಟ್ಟ ಕೆಲಸಗಳನ್ನು ಮುಂದೆ ಕಳುಹಿಸಿ, ಮುಖ್ಯವಾದುದನ್ನು ಕೊನೆಯಲ್ಲಿ ನಿಲ್ಲಿಸುತ್ತದೆ. ತುಮಕೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದಾಗ ಇದರ ತಿರುವುಮುರುವನ್ನು ಕಂಡೆವು. "ಅಜ್ಜಿ ಎದ್ದಳು ಮತ್ತು ಮುಖ ತೊಳೆದಳು ಮತ್ತು ಒಲೆ ಹೊತ್ತಿಸಿದಳು" ಎಂದು ಅವರು ಬರೆಯುತ್ತಿದ್ದರು. ವ್ಯಾಕರಣದ ದೃಷ್ಟಿಯಿಂದ ತಪ್ಪೇನೂ ಇಲ್ಲ. ಆದರೆ ಯಾವ ಮನೆಯಲ್ಲೂ ಯಾವ ತಾಯಿಯೂ ಹಾಗೆ ಮಾತನಾಡುವುದಿಲ್ಲ.

ಹಾಗಾದರೆ ಕನ್ನಡಕ್ಕೆ ಸಂಯೋಜಿತ ವಾಕ್ಯ ಬೇಕಾಗುವುದು ಯಾವಾಗ? ಎರಡು ಮಾತುಗಳು ತಂತಮ್ಮ ಕಾಲಮೇಲೆ ನಿಂತಿದ್ದು, ಅವುಗಳ ನಡುವಿನ ಸಂಬಂಧವನ್ನು ಹೆಸರಿಟ್ಟು ಹೇಳಬೇಕಾದಾಗ. ಆದರೆ, ಆದ್ದರಿಂದ, ಏಕೆಂದರೆ, ಅಥವಾ - ಇವು ಆ ಹೆಸರುಗಳು. ಇವನ್ನು ಮಕ್ಕಳ ಮುಂದೆ 'ಕೀಲು' ಎಂದು ಕರೆಯುತ್ತಿದ್ದೆವು.

ಜನಪದ ಗೀತೆಯಿಂದ ಕುಣಿಗಲ್ ಕೆರೆ ನಾಡಿಗೆಲ್ಲ ಪರಿಚಿತ. ಅಲ್ಲಿ ಪಾಠ ಮಾಡುವಾಗ ನಮಗೆ ಬೇರೆ ಉದಾಹರಣೆಯ ಅಗತ್ಯವಿರಲಿಲ್ಲ. "ಮಳೆ ಬಂದಿತು. ಕೆರೆ ತುಂಬಿತು." ಎಂದು ಒಂದು ಕಡೆ, "ಮಳೆ ಬಂದಿತು. ಕೆರೆ ತುಂಬಲಿಲ್ಲ." ಎಂದು ಇನ್ನೊಂದು ಕಡೆ ಬರೆದು, ಕೀಲು ಹಾಕಿರೆಂದು ಹೇಳುತ್ತಿದ್ದೆವು. ಮೊದಲನೆಯದಕ್ಕೆ 'ಆದ್ದರಿಂದ', ಎರಡನೆಯದಕ್ಕೆ 'ಆದರೆ'. ಇಷ್ಟು ಸುಲಭ. ಅನಂತರ, ಇದರ ಮುಂದಿನ ವಾಕ್ಯ ಏನಿರಬಹುದೆಂದು ಕೇಳುತ್ತಿದ್ದೆವು. 'ಆದ್ದರಿಂದ' ಎಂಬುದರ ಮುಂದೆ ಮಕ್ಕಳಿಗೆ ಹೆಚ್ಚೇನೂ ತೋಚುತ್ತಿರಲಿಲ್ಲ. ಗದ್ದೆಗೆ ನೀರು ಬಿಟ್ಟರು, ಅಷ್ಟೇ. 'ಆದರೆ' ಎಂದ ಕೂಡಲೇ ತರಗತಿ ಎಚ್ಚೆತ್ತುಕೊಳ್ಳುತ್ತಿತ್ತು. ಏಕೆ ತುಂಬಲಿಲ್ಲ? ಹೂಳು ತುಂಬಿದೆ ಎಂದೊಬ್ಬ, ಕಾಲುವೆಯನ್ನು ಮುಚ್ಚಿ ಉತ್ತಿದ್ದಾರೆ ಎಂದೊಬ್ಬ. ಮೇಲಿನ ಕೆರೆ ಕೋಡಿ ಬೀಳದೆ ಕೆಳಗಿನ ಕೆರೆಗೆ ನೀರು ಬಾರದೆಂದು ರೈತರ ಮನೆಯ ಹುಡುಗನೊಬ್ಬ ಹೇಳಿದಾಗ, ನಮಗೆ ಒಂದು ಗದ್ಯಭಾಗವೇ ಸಿದ್ಧವಾಗಿ ದೊರೆಯಿತು. ಅವರು ಹೇಳಿದ ಕಾರಣಗಳನ್ನೆಲ್ಲ ಸಾಲಾಗಿ ಬರೆದು, ಇವೆಲ್ಲ ಯಾವ ಮಾತಿಗೆ ಉತ್ತರವೆಂದು ಕೇಳಿದೆವು. 'ಕೆರೆ ತುಂಬಲಿಲ್ಲ' ಎಂಬುದಕ್ಕೆ ಎಂದರು. ಪ್ರಧಾನ ವಿಚಾರವೆಂದರೆ ಅದೇ. ಮಳೆ ಬಂದ ಸಂಗತಿ ಬರಿಯ ಪೀಠಿಕೆ.

ಗುಬ್ಬಿಯಲ್ಲಿ ಇದೇ ಪಾಠ ಅಷ್ಟು ಸಲೀಸಾಗಿ ನಡೆಯಲಿಲ್ಲ. ಊರಿನ ಹೆಮ್ಮೆಯ ನಾಟಕ ಕಂಪನಿಯ ಬಗ್ಗೆ ನಾವೇ ಒಂದು ಗದ್ಯಭಾಗವನ್ನು ರಚಿಸಿದ್ದೆವು. 1884ರಲ್ಲಿ ಕಂಪನಿ ಸ್ಥಾಪನೆಯಾಯಿತು; ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ನಾಡಿನಾದ್ಯಂತ ಹೆಸರಾಯಿತು; 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ ಕುದುರೆಗಳೇ ರಂಗಕ್ಕೆ ಬಂದವು; ಆದರೆ ಕಂಪನಿಯ ದೊಡ್ಡ ಕೊಡುಗೆ ಅದು ಪಳಗಿಸಿದ ಕಲಾವಿದರು; ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದವರು ಅಲ್ಲಿ ದುಡಿದು ಬಂದವರು. 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜ್‌ಕುಮಾರ್ ನಾಯಕನಟರಾದರು. ಇಷ್ಟು ವಿಷಯ. ಮುಖ್ಯಾಂಶವನ್ನು ಬರೆಯಿರೆಂದರೆ, ಮುಕ್ಕಾಲು ಪಾಲು ಮಕ್ಕಳು 'ರಂಗದ ಮೇಲೆ ಆನೆ ಬಂದಿತು' ಎಂದು ಬರೆದರು! ಉಳಿದವರು 1884 ಎಂಬ ಇಸವಿಯನ್ನು ಬರೆದರು.

ಮಕ್ಕಳ ಕಣ್ಣು ಬಣ್ಣದ ಕಡೆಗೋ ಅಂಕಿಯ ಕಡೆಗೋ ಹೋಗುವುದು ಸಹಜ. ಒಂದೊಂದು ವಾಕ್ಯವನ್ನು ಅಳಿಸಿ ನೋಡಲು ಹೇಳಿದೆವು. ಆನೆಯನ್ನು ಅಳಿಸಿದರೆ ಉಳಿದ ಮಾತುಗಳಿಗೆ ಕುಂದಿಲ್ಲ. 'ಆದರೆ' ಎಂಬ ಕೀಲನ್ನೂ ಅದರ ವಾಕ್ಯವನ್ನೂ ಅಳಿಸಿದರೆ, ಮುಂದಿನ ಹೆಸರುಗಳು ಏಕೆ ಬಂದವೆಂದೇ ತಿಳಿಯುವುದಿಲ್ಲ. ತರಗತಿ ಒಪ್ಪಿತು. ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಆನೆ ಇಲ್ಲದಿದ್ದರೆ ಇದನ್ನು ಓದುವವರಾರು ಸಾರ್?" ಎಂದಳು. ಆ ಪ್ರಶ್ನೆ ನಮಗೆ ಬಹಳ ಹಿಡಿಸಿತು. ಓದುಗನನ್ನು ಒಳಗೆ ಕರೆಯುವ ಮಾತು, ಒಳಗೆ ಕುಳ್ಳಿರಿಸಿ ಹೇಳುವ ಮಾತು ಬೇರೆ ಬೇರೆ ಎಂಬುದನ್ನು ಅವಳು ನಮಗಿಂತ ಚೆನ್ನಾಗಿ ಹೇಳಿದ್ದಳು.

ಗದ್ಯಭಾಗದ ಮೊದಲ ವಾಕ್ಯವೇ ಪ್ರಧಾನ ವಿಚಾರವೆಂದು ಕೆಲವು ಮಾರ್ಗದರ್ಶಿ ಪುಸ್ತಕಗಳು ಹೇಳಿಕೊಡುತ್ತವೆ. ಪತ್ರಿಕಾ ವರದಿಗೆ ಅದು ಬಹುಮಟ್ಟಿಗೆ ಸರಿ. ಹೋಲಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಹೇಳಬೇಕಾದುದನ್ನು ಕೊನೆಯಲ್ಲಿ ಹೇಳುವ ಎಷ್ಟೋ ವಚನಗಳನ್ನು ಕೇಳಿ ಬೆಳೆದ ಮನೆಗಳ ಮಕ್ಕಳಿಗೆ ಈ ಸೂತ್ರ ಸಾಲದು. 'ಆದರೆ' ಕಂಡಲ್ಲೆಲ್ಲ ಮುಖ್ಯಾಂಶವಿದೆ ಎಂಬುದೂ ಸೂತ್ರವಲ್ಲ. ಅನೇಕ ವೇಳೆ ಅದು ಒಂದು ಸಣ್ಣ ವಿನಾಯಿತಿಯನ್ನಷ್ಟೇ ಹೇಳಿ ಮುಗಿಯುತ್ತದೆ. ಕೀಲಿನ ಮುಂದಿನ ವಾಕ್ಯಗಳು ಯಾವ ಪಕ್ಕಕ್ಕೆ ಕೆಲಸ ಮಾಡುತ್ತಿವೆ ಎಂಬುದನ್ನು ನೋಡಲೇಬೇಕು.

ಇದು ಅಂಕಗಳಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗುಬ್ಬಿಯ ಸಮೀಪದ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಮನೆಗೆ ಬಂದ ಪತ್ರವೊಂದನ್ನು ಶಾಲೆಗೆ ತಂದಿದ್ದ. ಹಿಂದಿನ ಸಂಜೆ ಅದನ್ನು ಅಜ್ಜಿಗೆ ಒಂದಕ್ಷರವೂ ತಪ್ಪದಂತೆ ಓದಿ ಹೇಳಿದ್ದನಂತೆ. ಕೇಳಿ ಮುಗಿಸಿದ ಅಜ್ಜಿ, "ಏನಂತಪ್ಪ ಅದು?" ಎಂದಾಗ ಅವನಿಗೆ ಉತ್ತರ ಹೊಳೆಯಲಿಲ್ಲ. ನೋಡಿದರೆ, ಅರ್ಧ ಪುಟದ ಪತ್ರಕ್ಕೆ ಒಂದೇ ವಾಕ್ಯ. ಸದರಿ ಸಾಲದ ಬಾಬ್ತು ಕಂತು ಬಾಕಿ ಇರುವುದರಿಂದಲೂ, ಹಿಂದಿನ ತಿಳಿವಳಿಕೆಗೆ ಉತ್ತರ ಬಾರದೆ ಇರುವುದರಿಂದಲೂ ಎಂದು ಮೊದಲಾಗಿ, ದಾಖಲೆಗಳೊಂದಿಗೆ 15 ದಿನಗಳೊಳಗೆ ಕಚೇರಿಗೆ ಹಾಜರಾಗತಕ್ಕದ್ದು ಎಂದು ಸಾಗಿ, 'ತಪ್ಪಿದಲ್ಲಿ' ಎಂಬ ಪದದ ನಂತರ ಜಮೀನಿನ ಮಾತು ಬಂದಿತ್ತು. ಬರೆದವರು ಓದುವವರನ್ನು ನೆನೆದು ಬರೆದಂತೆ ಕಾಣಲಿಲ್ಲ.

ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು ಪೂರ್ಣಕ್ರಿಯೆಗಳನ್ನು ಹುಡುಕಲು ಹೇಳಿದೆವು. 'ಇರುವುದರಿಂದಲೂ' ಎಂಬುವೆಲ್ಲ ಅಧೀನವೆಂದು ಅವನೇ ಹೊಡೆದುಹಾಕಿದ. ಉಳಿದದ್ದು ಎರಡು: ಹಾಜರಾಗತಕ್ಕದ್ದು, ಕ್ರಮ ಜರುಗಿಸಲಾಗುವುದು. ನಡುವಿನ ಕೀಲು 'ತಪ್ಪಿದಲ್ಲಿ'. ಯಾರು, ಏನು ಮಾಡಬೇಕು, ಎಷ್ಟು ದಿನದೊಳಗೆ, ಮಾಡದಿದ್ದರೆ ಏನು - ನಾಲ್ಕು ಸಣ್ಣ ವಾಕ್ಯಗಳಲ್ಲಿ ಬರೆದುಕೊಂಡು ಹೋದ. ಆ ಹೊತ್ತಿಗೆ 15 ದಿನಗಳಲ್ಲಿ ಒಂಬತ್ತು ಕಳೆದಿದ್ದವು. ಅವನ ತಂದೆ ಮರುದಿನವೇ ಕಚೇರಿಗೆ ಹೋದರೆಂದು ಆಮೇಲೆ ತಿಳಿಯಿತು.

ಮುಂದಿನ ವರ್ಷಗಳಲ್ಲಿ ಹೆಸರು ಅಳಿಸಿದ ಇಂತಹ ಪತ್ರಗಳನ್ನೂ, ಔಷಧಿಯ ಪೊಟ್ಟಣದೊಳಗಿನ ಸೂಚನೆಗಳನ್ನೂ, ಬೆಳೆವಿಮೆಯ ಪ್ರಕಟಣೆಗಳನ್ನೂ ತರಗತಿಗೆ ತರತೊಡಗಿದೆವು. ಪಠ್ಯದ ಗದ್ಯಕ್ಕಿಂತ ಇವುಗಳ ವಾಕ್ಯ ಗಟ್ಟಿ. ಒಡೆಯುವ ಹಲ್ಲು ಬೇಗ ಬಲಿಯುತ್ತದೆ. ಪಾಲಕರು ಮನೆಯಲ್ಲಿ ಇದನ್ನು ಮಾಡಲು ವ್ಯಾಕರಣದ ಪರಿಭಾಷೆ ಬೇಕಿಲ್ಲ. ಪತ್ರಿಕೆಯ ಒಂದು ಪ್ಯಾರಾವನ್ನು ಮಗುವಿನಿಂದ ಓದಿಸಿ, ಪತ್ರಿಕೆಯನ್ನು ಮಡಿಸಿಟ್ಟು, "ಏನಂತೆ?" ಎಂದು ಕೇಳಿದರೆ ಸಾಕು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಸುದ್ದಿಯನ್ನು ನಮ್ಮ ಮೊಮ್ಮಗಳಿಂದ ಹೀಗೆಯೇ ಓದಿಸಿದೆವು. 615 ಎಕರೆ ಎಂದು ಮೊದಲು ಹೇಳಿದಳು. ನಾವು ಸುಮ್ಮನಿದ್ದುದನ್ನು ಕಂಡು, ಪತ್ರಿಕೆಯನ್ನು ಮತ್ತೆ ಬಿಡಿಸಿ ಓದತೊಡಗಿದಳು.