ಇಪ್ಪತ್ತೆರಡು ನಂಬರು

ನಮ್ಮದು ಸಣ್ಣ ಪತ್ತಿನ ಸಂಘ. ಹಣಕೋಣದಲ್ಲಿ ಒಂದು ಕಚೇರಿ, ಸದಾಶಿವಗಡದಲ್ಲಿ ಒಂದು, ಕಾಳಿ ಹೊಳೆ ದಾಟಿದರೆ ಕಾರವಾರದಲ್ಲಿ ಒಂದು, ಆಚೆ ಅಂಕೋಲೆಯಲ್ಲಿ ಇನ್ನೊಂದು. ಸಿಬ್ಬಂದಿಯ 22 ಮೊಬೈಲುಗಳ ಬಿಲ್ಲು ಕಟ್ಟುವುದು ಸಂಘವೇ. ಅಷ್ಟನ್ನೂ ಬೇರೆ ಕಂಪನಿಗೆ ಬದಲಿಸಬೇಕೆಂದು ಮಂಡಳಿ ಠರಾವು ಮಾಡಿ ಕೆಲಸವನ್ನು ನನಗೆ ವಹಿಸಿತು. ಹೊಸ ಕಂಪನಿಯ ಹುಡುಗ ಬಂದು, "ಒಂದು ಪತ್ರ ಕೊಡಿ ಸರ್, ಎಲ್ಲಾ ಒಟ್ಟಿಗೇ ಮಾಡಿಬಿಡುವ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಸಂಸ್ಥೆಯ ಹೆಸರಿನ ನಂಬರುಗಳಾದರೆ ಒಂದೇ ಅಧಿಕಾರ ಪತ್ರದ ಮೇಲೆ ನೂರರವರೆಗೆ ಪೋರ್ಟ್ ಮಾಡಿಸಬಹುದು, ಅಂದರೆ ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಿಸಬಹುದು. ಐದು ಕೆಲಸದ ದಿನದಲ್ಲಿ ಮುಗಿಯುತ್ತದೆ. ಆದರೂ ನನಗೆ ಧೈರ್ಯ ಬರಲಿಲ್ಲ.

ನಮ್ಮ ಹಣಕೋಣದ ಆಚೆ ಗೋವಾ. ಗಡಿಯ ಕಡೆ ಹೋದರೆ ಮೊಬೈಲು ಅಲ್ಲಿಯ ಟವರು ಹಿಡಿದು, ಗೋವಾವೂ ಸೇರಿರುವ ಮಹಾರಾಷ್ಟ್ರ ಟೆಲಿಕಾಂ ವಲಯಕ್ಕೆ ಸೇರಿಬಿಡುತ್ತದೆ. ಬಂದ ಕರೆಗೂ ರೋಮಿಂಗ್ ದುಡ್ಡು ಮುರಿಯುತ್ತಿದ್ದ ಕಾಲದಲ್ಲಿ ಇಲ್ಲಿಯವರು ಕರೆ ಎತ್ತಲೂ ಹೆದರುತ್ತಿದ್ದರು. ಕಾರವಾರ ಪೇಟೆಯಲ್ಲಿ ಚೆನ್ನಾಗಿ ಸಿಗುವ ಕಂಪನಿ ಇಲ್ಲಿ ಗುಡ್ಡದ ಮರೆಗೆ ಸರಿದರೆ ಸಿಗುವುದಿಲ್ಲ. ಹಾಗಾಗಿ ಮೊದಲು ಹೊಸ ಕಂಪನಿಯ ಮೂರು ಸಿಮ್ ಕೊಂಡು ಮನೆಮನೆಗೆ ಹೋಗಿ ಪಿಗ್ಮಿ, ಅಂದರೆ ದಿನದ ಸಣ್ಣ ಉಳಿತಾಯ, ಸಂಗ್ರಹಿಸುವವರ ಕೈಗೆ ಕೊಟ್ಟೆ. ಹದಿನೈದು ದಿನ, ಹೋದ ಮನೆಯಲ್ಲೆಲ್ಲ ರೇಂಜ್ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಬರಬೇಕು.

"ಸರ್, ಸಾತೇರಿ ದೇವಸ್ಥಾನದ ಹತ್ರ ಪೂರಾ ಕಡ್ಡಿ ತೋರಿಸ್ತದೆ. ಕೆಳಗೆ ಗದ್ದೆ ಕಡೆ ಇಳಿದ್ರೆ ಒಂದೂ ಇಲ್ಲ" ಅಂದರು ನಮ್ಮ ಹಿರಿಯ ಸಂಗ್ರಾಹಕಿ. ಆ ಗದ್ದೆ ಕಡೆಯ ಮನೆಯೊಂದರಲ್ಲಿ ಅವರ ನಂಬರನ್ನು ಅಜ್ಜಿಯೊಬ್ಬರು ಅಡುಗೆಮನೆಯ ಗೋಡೆಗೆ ಇದ್ದಿಲಲ್ಲಿ ಬರೆಸಿಟ್ಟುಕೊಂಡಿದ್ದಾರೆ. ಮಗ ಗೋವಾದಲ್ಲಿ. ಮೈ ಸರಿಯಿಲ್ಲದಾಗ ಅಜ್ಜಿ ಮೊದಲು ಕರೆಯುವುದು ಇವರನ್ನೇ. ಪಿಗ್ಮಿ ಎಂಬುದು 1928ರಲ್ಲಿ ಉಡುಪಿಯಿಂದ ಹೊರಟ ಪದ್ಧತಿ. ದಿನಾ ಮನೆ ಬಾಗಿಲಿಗೆ ಬರುವ ಒಬ್ಬ ಮನುಷ್ಯನ ಮೇಲಿನ ನಂಬಿಕೆಯಿಂದಲೇ ಅದು ಇಂದಿಗೂ ನಡೆಯುತ್ತಿದೆ. ಬಿಲ್ಲು ಸಂಘದ್ದಾದರೂ ಆ ನಂಬರು ಅಜ್ಜಿಯದು ಎಂದೇ ನಾನು ಭಾವಿಸಿದೆ.

ಪೋರ್ಟ್ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. ಅದರಿಂದಾಗಿ ಗೋಡೆಯ ಮೇಲಿನ ಅಂಕಿ ಬದಲಾಗುವುದಿಲ್ಲ, ನಿಜ. ಆದರೆ ಕರೆ ಮಾಡಿದಾಗ ಅದು ರಿಂಗಾಗಬೇಕಲ್ಲ.

ಇನ್ನೊಂದು ಭಯ ಕಾಳಿಯದು. 2024ರ ಆಗಸ್ಟ್ 7ರ ರಾತ್ರಿ ಒಂದು ಗಂಟೆಯ ಸುಮಾರಿಗೆ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಬೆಳಗಾಗುವ ಮೊದಲೇ ಎದ್ದು ಕೂತು, ನಮ್ಮವರು ಯಾರು ಯಾವ ದಡದಲ್ಲಿದ್ದಾರೆಂದು ಒಬ್ಬೊಬ್ಬರಿಗೇ ಫೋನು ಮಾಡಿ ಕೇಳಿದ್ದೆ. ಅದಕ್ಕೆ ಮೂರು ವಾರದ ಹಿಂದಷ್ಟೇ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಿತ್ತು. ಅಂಥ ರಾತ್ರಿಯಲ್ಲಿ 22 ಫೋನೂ ಒಟ್ಟಿಗೆ ಮೂಕವಾಗಿದ್ದರೆ?

ಆದ್ದರಿಂದ ನನ್ನ ಪಟ್ಟಿ ಹೀಗಾಯಿತು: ಮಳೆಗಾಲದಲ್ಲಿ ಒಂದು ನಂಬರನ್ನೂ ಮುಟ್ಟುವಂತಿಲ್ಲ. ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುವ ಸಾತೇರಿಯ ಜಾತ್ರೆಯಲ್ಲೂ ಇಲ್ಲ. ಎರಡೂ ದಡದವರದ್ದು ಒಂದೇ ವಾರದಲ್ಲಿ ಬೇಡ. ಮೊದಲು ಬದಲಿಸಿದವು ಸರಿಯಾಗಿ ನಡೆಯುವ ತನಕ ಪ್ರತಿ ಕಚೇರಿಯಲ್ಲಿ ಅರ್ಧ ಜನ ಹಳೆ ಕಂಪನಿಯಲ್ಲೇ ಉಳಿದಿರಬೇಕು. ಮೊದಲು ನನ್ನದು, ಆಮೇಲೆ ಕಚೇರಿಯಲ್ಲಿ ಕೂರುವವರದ್ದು, ತಿಂಗಳು ಬಿಟ್ಟು ತಿರುಗಾಡುವವರದ್ದು. ಬ್ಯಾಂಕಿನ ಒಟಿಪಿ ಬರುವ ನಂಬರು ಎಲ್ಲಕ್ಕಿಂತ ಹಿಂದೆ.

ಇಷ್ಟಾದರೂ ಒಂದು ತಪ್ಪಿತು. ಅಂಕೋಲೆಯ ಒಂದು ನಂಬರಿನ ಹಳೆ ಬಿಲ್ಲು ಬಾಕಿ ಇದ್ದುದನ್ನು ನಾನು ನೋಡಿರಲಿಲ್ಲ. ಬಾಕಿ ಇದ್ದರೆ ಪೋರ್ಟ್ ಆಗುವುದಿಲ್ಲ. ಅರ್ಜಿ ವಾಪಸು ಬಂತು. ಒಂದೇ ನಂಬರಾದ್ದರಿಂದ ಒಂದೇ ದಿನದಲ್ಲಿ ಸರಿಪಡಿಸಿದೆವು. ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದರೆ ಆ ಗೊಂದಲದಲ್ಲಿ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ 21 ನಂಬರು ಹೊಸ ಕಂಪನಿಯಲ್ಲಿವೆ. ಹಿರಿಯ ಸಂಗ್ರಾಹಕಿಯದು ಮಾತ್ರ ಹಳೆಯದರಲ್ಲೇ ಇದೆ. ಎರಡೆರಡು ಬಿಲ್ಲು ಯಾಕೆಂದು ಮಂಡಳಿಯಲ್ಲಿ ಕೇಳಿದರು. ಗದ್ದೆ ಕಡೆಯ ಮನೆಗಳಿಗೆ ಹೊಸ ಕಂಪನಿಯ ಟವರು ಮುಟ್ಟುವ ತನಕ ಅದನ್ನು ಬದಲಿಸುವುದಿಲ್ಲ ಎಂದು ನಡಾವಳಿ ಪುಸ್ತಕದಲ್ಲೇ ಬರೆಸಿದ್ದೇನೆ.