ಕತ್ತರಿ ಎಲ್ಲಿ ನಿಲ್ಲಬೇಕು

ಉದ್ದಗೂದಲಿನ ಕುರಿನಾಯಿಯನ್ನು ಪ್ರದರ್ಶನಕ್ಕೆ ಅಣಿಗೊಳಿಸುವ ಕೆಲಸದ ಬಹುಪಾಲು ಪ್ರದರ್ಶನದ ದಿನ ನಡೆಯುವುದೇ ಇಲ್ಲ. ಅದಕ್ಕೂ ಹಿಂದಿನ ಎಷ್ಟೋ ತಿಂಗಳು, ವಾರವಾರವೂ ನಾಯಿಯನ್ನು ಮಗ್ಗುಲಾಗಿ ಮಲಗಿಸಿಕೊಂಡು ಬಾಚುತ್ತ ಕೂತವರ ಕೈಯಲ್ಲಿ ಅದು ಆಗಿಹೋಗಿರುತ್ತದೆ. ಸ್ಕಾಟ್ಲೆಂಡಿನ ಬಿಯರ್ಡೆಡ್ ಕೋಲಿಯನ್ನೇ ತೆಗೆದುಕೊಳ್ಳಿ. ಗಂಡಾದರೆ ಭುಜದ ಬಳಿ 21ರಿಂದ 22 ಇಂಚು ಎತ್ತರ. ಕೆನ್ನೆ, ಗಲ್ಲಗಳಿಂದ ಎದೆಯ ಕಡೆಗೆ ಇಳಿಯುವ ಗಡ್ಡ, ಕಣ್ಣ ಮೇಲೆ ಕಮಾನಾದ ಹುಬ್ಬು, ಮೈತುಂಬ ಎರಡು ಪದರದ ಕೂದಲು. ಒಳಗಿನದು ಮೈಗಂಟಿಕೊಂಡ ಮೃದುವಾದ ದಟ್ಟ ತುಪ್ಪುಳು. ಹೊರಗಿನದು ಚಪ್ಪಟೆಯಾಗಿ ಬೀಳುವ ಒರಟು, ಗಟ್ಟಿ ಕೂದಲು. ಒಳಪದರ ಗಾಳಿಯನ್ನು ಹಿಡಿದಿಟ್ಟು ಮೈಯ ಶಾಖ ಕಾಯುತ್ತದೆ, ಹೊರಪದರ ಮಳೆಯನ್ನೂ ಕೆಸರನ್ನೂ ಚರ್ಮದ ತನಕ ಬಿಡುವುದಿಲ್ಲ. ಗುಡ್ಡದ ಮೇಲೆ ಹಗಲಿಡೀ ಕುರಿದನಗಳ ಹಿಂದೆ ಓಡಾಡುವ ಪ್ರಾಣಿಗೆ ಬೇಕಾದದ್ದು ಇಂಥದೇ ಮೈ. ಇದನ್ನು ಕಣದಲ್ಲಿ ತೋರಿಸುವಾಗ ಹಣಿಗೆ ಎಷ್ಟು ದೂರ ಹೋಗಬಹುದು, ಕತ್ತರಿ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕಟ್ಟುನಿಟ್ಟಿನದು. ತೀರ್ಪುಗಾರರು ಯಾವುದನ್ನು ಪರೀಕ್ಷಿಸಲು ಬಂದಿದ್ದಾರೋ ಅದನ್ನೇ ಮರೆಮಾಡುವ ಹಂತಕ್ಕೆ ಬಂದ ಕೂಡಲೇ ಸಿಂಗಾರ ನಿಲ್ಲಬೇಕು.

ಹೀಗೆನ್ನುವುದರಿಂದ ಬಾಚುವವರ ಶ್ರಮಕ್ಕೆ ಕುಂದು ತಂದಂತಾಗದು. ಆ ಕೆಲಸದ ಸೂಕ್ಷ್ಮ ತಿಳಿದವರು ಅದರ ಬಗ್ಗೆ ಹಗುರವಾಗಿ ಮಾತಾಡಲಾರರು. ನಾಯಿಯ ಒಂದು ಮಗ್ಗುಲಿನ ಕೂದಲನ್ನೆಲ್ಲ ಒಂದು ಕೈಯಲ್ಲಿ ಮೇಲಕ್ಕೆ ಒತ್ತಿಹಿಡಿದು, ಹೊಟ್ಟೆಯ ಕಡೆಯಿಂದ ಒಂದೊಂದೇ ತೆಳು ಸಾಲನ್ನು ಕೆಳಗಿಳಿಸುತ್ತ, ಬುಡದ ಚರ್ಮ ಗೆರೆಯಾಗಿ ಕಾಣುವಂತೆ ಬೆನ್ನಿನವರೆಗೆ ಬಾಚಿಕೊಂಡು ಬರಬೇಕು. ಲೈನ್ ಬ್ರಷಿಂಗ್ ಎಂದು ಅದಕ್ಕೆ ಹೆಸರು. ಒಣಗೂದಲಿಗೆ ಬ್ರಷ್ ತಾಗಿಸುವಂತಿಲ್ಲ, ಎಳೆದಲ್ಲೇ ತುಂಡಾಗುತ್ತದೆ; ನೀರನ್ನೋ ತೆಳುವಾದ ಕಂಡಿಷನರನ್ನೋ ತುಂತುರಾಗಿ ಸಿಂಪಡಿಸಿಕೊಂಡೇ ಮುಂದುವರಿಯಬೇಕು. ಮೇಲುಮೇಲಕ್ಕೆ ಬಾಚಿ ಎದ್ದರೆ ನೋಡಲು ನುಣುಪು, ಬೆರಳಿಟ್ಟರೆ ಒಳಗೆಲ್ಲ ಒತ್ತಿಹೋದ ಗಂಟು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಕೊರಳಪಟ್ಟಿ ಉಜ್ಜುವ ಜಾಗದಲ್ಲಿ ಗಂಟು ಮೊದಲು ಕಟ್ಟುತ್ತದೆ. ಸಿಕ್ಕಿದ ಜಡೆಯನ್ನು ತುದಿಯಿಂದ ಬುಡಕ್ಕೆ ಬಿಡಿಸುತ್ತ ಬರುವ ತಾಯಂದಿರ ತಾಳ್ಮೆಯೇ ಇಲ್ಲೂ ಬೇಕು: ಬೆರಳಿನಿಂದ ಗಂಟನ್ನು ಎರಡಾಗಿ, ನಾಲ್ಕಾಗಿ ಸೀಳಿ, ಆಮೇಲಷ್ಟೇ ಹಣಿಗೆ. ಒಂಬತ್ತು ತಿಂಗಳಿಂದ ಒಂದೂವರೆ ವರ್ಷದ ಆಸುಪಾಸಿನಲ್ಲಿ ಮರಿಗೂದಲು ಉದುರಿ ದೊಡ್ಡಗೂದಲು ಬರುವಾಗ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಎಷ್ಟೋ ಮಂದಿ ಸೋತು ಮೈಯನ್ನೆಲ್ಲ ಬೋಳಿಸಿಬಿಡುವುದು ಆಗಲೇ. ಗಡ್ಡದ ಪಾಡು ಬೇರೆ: ನೀರು, ಅನ್ನ, ಜೊಲ್ಲು ತಾಗಿ ಕಂದು ಕಲೆ ಕೂರುತ್ತದೆ, ತೊಳೆದು ಒರೆಸುವುದು ದಿನನಿತ್ಯದ ಕೆಲಸ. ಸ್ನಾನಕ್ಕೂ ಲೆಕ್ಕವಿದೆ. ಶಾಂಪೂ ಹಾಕಿದ ಕೂದಲು ಮೆತ್ತಗಾಗುವುದರಿಂದ ಅನುಭವಸ್ಥರು ಪ್ರದರ್ಶನಕ್ಕೆ ಕೆಲವು ದಿನ ಮುಂಚೆಯೇ ಮೀಯಿಸಿ, ಒರಟುತನ ಮರಳಿ ಬರಲು ಬಿಡುತ್ತಾರೆ. ಈ ದುಡಿಮೆಯಿಂದ ನಾಯಿಗೆ ನೇರ ಲಾಭವೂ ಉಂಟು. ಚರ್ಮದವರೆಗೆ ಬಾಚುವವರ ಕೈಗೆ ಉಣ್ಣಿ, ಹುಣ್ಣು, ಗಡ್ಡೆ, ಕಿವಿಯ ಸೋಂಕು ಎಲ್ಲವೂ ಮೊದಲೇ ಸಿಕ್ಕುತ್ತವೆ.

ತೊಡಕು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ತಳಿಯ ನಾಯಿ ಹೇಗಿರಬೇಕೆಂದು ಹೇಳುವ ಬಿಯರ್ಡೆಡ್ ಕೋಲಿಯ ಅಮೆರಿಕದ ಮಾನದಂಡ ಈ ವಿಷಯದಲ್ಲಿ ಯಾವ ಅನುಮಾನಕ್ಕೂ ಎಡೆಯಿಟ್ಟಿಲ್ಲ. ಕೂದಲು ನಾಯಿಯ ಮೈಕಟ್ಟಿಗೆ ಒಪ್ಪವಾಗಬೇಕೇ ಹೊರತು ಮೈಯ ಗೆರೆಗಳನ್ನೇ ಮುಚ್ಚುವಷ್ಟು ಸೊಂಪಾಗಿರಬಾರದು. ಬೆನ್ನ ಮೇಲೆ ಅದು ತಾನಾಗಿ ಎರಡು ಕಡೆಗೆ ಬೀಳಬೇಕು, ಯಾರೂ ಬೈತಲೆ ತೆಗೆಯಬಾರದು. ಕತ್ತರಿ ಎಲ್ಲಿಯೂ ತಾಗಬಾರದು. ಅತಿ ಉದ್ದದ ರೇಷ್ಮೆಗೂದಲು, ಕತ್ತರಿಸಿ ರೂಪಕೊಟ್ಟ ಕೂದಲು ಎರಡೂ ಗಂಭೀರ ದೋಷಗಳ ಪಟ್ಟಿಯಲ್ಲಿವೆ. ಬರೆದವರಿಗೆ ಅಪಾಯ ಯಾವ ಕಡೆಯಿಂದ ಬರುತ್ತದೆಂದು ಗೊತ್ತಿತ್ತು. ಪ್ರದರ್ಶನದಲ್ಲಿ ಈ ತಳಿ ನಡೆದ ದಾರಿ ನೋಡಿದರೆ ಅದು ನಮಗೂ ತಿಳಿಯುತ್ತದೆ. 1944ರಲ್ಲಿ ಇಂಗ್ಲೆಂಡಿನ ಆಲಿವ್ ವಿಲಿಸನ್ ಅವರು ಶೆಟ್ಲೆಂಡ್ ಕುರಿನಾಯಿಯ ಮರಿ ಬೇಕೆಂದು ಕೇಳಿ, ಬದಲಿಗೆ ಬಂದ ಒಂದು ಕಂದು ಬಿಯರ್ಡೆಡ್ ಮರಿಯನ್ನು ಸಾಕಿಕೊಂಡರು. ಬಾತ್‌ಕೆನ್ನರ್‌ನ ಜೀನಿ ಎಂಬ ಆ ಹೆಣ್ಣೇ ಇಂದಿನ ಪ್ರದರ್ಶನ ಸಾಲುಗಳ ಮೂಲತಾಯಿ. ಬ್ರಿಟನ್ನಿನಲ್ಲಿ ಈ ತಳಿಗೆ ಚಾಂಪಿಯನ್ ಪದವಿಯ ಹಾದಿ ತೆರೆದದ್ದು 1959ರಲ್ಲಿ. 1989ರಲ್ಲಿ ಪಾಟರ್‌ಡೇಲ್ ಕ್ಲಾಸಿಕ್ ಆಫ್ ಮೂನ್‌ಹಿಲ್ ಎಂಬ ನಾಯಿ ಬ್ರಿಟನ್ನಿನ ದೊಡ್ಡ ಶ್ವಾನಪ್ರದರ್ಶನವಾದ ಕ್ರಫ್ಟ್ಸ್‌ನ ಸರ್ವೋತ್ತಮ ಪ್ರಶಸ್ತಿಯನ್ನೇ ಗೆದ್ದಿತು. ಆರಂಭದ ಕಾಲದ ಚಿತ್ರಗಳಲ್ಲಿನ ನಾಯಿಗಳಿಗೆ ಹೊಟ್ಟೆಯಡಿ ಬೆಳಕು ಕಾಣುತ್ತದೆ, ಕಾಲುಗಳ ಆಕಾರ ಕಾಣುತ್ತದೆ. ಇಂದು ಗೆಲ್ಲುವ ಅನೇಕ ನಾಯಿಗಳ ಕೂದಲು ನೆಲ ಗುಡಿಸುವಷ್ಟು ಇಳಿದಿರುತ್ತದೆ. ಮಾನದಂಡದಲ್ಲಿ ಎಚ್ಚರಿಕೆ ಹಾಗೇ ಇರುವಾಗ ಕೂದಲು ಮಾತ್ರ ಬೆಳೆಯುತ್ತ ಹೋಯಿತು, ಏಕೆಂದರೆ ಬಹುಮಾನ ಹೋದದ್ದು ಉದ್ದದ ಕಡೆಗೆ.

ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್ ಇನ್ನೂ ಸ್ಪಷ್ಟವಾದ ಉದಾಹರಣೆ. ಭುಜಕ್ಕಿಂತ ಸೊಂಟ ಎತ್ತರವಾಗಿರುವ ಬೆನ್ನಿನ ಗೆರೆ ಈ ತಳಿಯ ಗುರುತು. ಅದು ಎಲುಬು ಮತ್ತು ಸ್ನಾಯುವಿನಿಂದ ಬರಬೇಕಾದದ್ದು. ಆದರೆ ಹಿಂಭಾಗದ ಕೂದಲನ್ನು ಬುಡದ ಕಡೆಗೆ ತಿರುಗಿಸಿ ಬಾಚಿ ಉಬ್ಬಿಸಿದರೆ, ಭುಜದ ಮೇಲಿನದನ್ನು ಒತ್ತಿ ಕೂರಿಸಿದರೆ, ಸಮತಟ್ಟಾದ ಬೆನ್ನಿನ ನಾಯಿಗೂ ಆ ಗೆರೆ ಅರ್ಧ ಗಂಟೆಯಲ್ಲಿ ದಕ್ಕುತ್ತದೆ. ಅಮೆರಿಕದ ಮಾನದಂಡ ಕೂದಲಿನ ಸಹಜ ಆಕಾರವನ್ನಾಗಲಿ ಗುಣವನ್ನಾಗಲಿ ಕೃತಕವಾಗಿ ಬದಲಿಸಬಾರದೆಂದು ಹೇಳಿ, ಪಾದ ಮತ್ತು ಹಿಂಭಾಗವನ್ನು ಸ್ವಚ್ಛತೆಗಾಗಿ ಕತ್ತರಿಸಿಕೊಳ್ಳಲು ಮಾತ್ರ ಒಪ್ಪಿಗೆ ಕೊಟ್ಟಿದೆ. ಕಿರಿದಾದ ಆ ಬಾಗಿಲಲ್ಲೇ ಕತ್ತರಿ ಒಳಗೆ ಬಂದು, ಕಾಲನ್ನು ಕಂಬದಂತೆ ದುಂಡಗೆ ತಿದ್ದಿ, ಪೃಷ್ಠಕ್ಕೆ ಬೇಕಾದ ತಿರುವನ್ನು ಕೊಟ್ಟು ಹೋಗುತ್ತದೆ. ರಾಶಿಗಿಂತ ಕೂದಲಿನ ಗುಣ ಮತ್ತು ಒರಟುತನ ಮುಖ್ಯವೆಂದೂ ಅದೇ ಮಾನದಂಡ ಸಾರುತ್ತದೆ. ಕಣದ ಅಂಚಿನಲ್ಲಿ ನಿಂತವರಿಗೆ ಕಾಣುವುದು ರಾಶಿ ಮಾತ್ರ. ಈ ವಿಷಯದಲ್ಲಿ ನಮ್ಮ ಮುಧೋಳ ನಾಯಿಯನ್ನು ತೋರಿಸುವವರಿಗೂ ಅದನ್ನು ನೋಡುವವರಿಗೂ ಕಷ್ಟ ಕಡಿಮೆ. ಆ ನುಣುಪು ಮೈಯಲ್ಲಿ ಪಕ್ಕೆಲುಬು, ಸೊಂಟ, ತೊಡೆ ಎಲ್ಲವೂ ಹತ್ತು ಗಜ ದೂರದಿಂದಲೇ ಕಾಣುತ್ತವೆ.

ಕತ್ತರಿ ನಿಲ್ಲಬೇಕೆಂಬ ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಇತಿಹಾಸದಿಂದ ಬರುತ್ತದೆ. ದನಕುರಿಗಳನ್ನು ಪೇಟೆಗೆ ಅಟ್ಟಿಕೊಂಡು ಹೋಗುತ್ತಿದ್ದವರು ಈ ದಪ್ಪಗೂದಲಿನ ನಾಯಿಗಳನ್ನು ಉಣ್ಣೆ ತೆಗೆಯುವ ಕಾಲದಲ್ಲಿ ಕುರಿಗಳ ಜತೆಗೇ ಬೋಳಿಸುತ್ತಿದ್ದರೆಂದು ತಳಿಯ ಚರಿತ್ರೆ ಬರೆದವರು ಹೇಳುತ್ತಾರೆ. ಹಾಗಾದರೆ ಕತ್ತರಿ ತಾಗದ ಸಹಜ ಮೈ ಎಂಬುದೇ ಪ್ರದರ್ಶನದವರ ಕಲ್ಪನೆ ತಾನೆ? ಅರ್ಧ ನಿಜ. ದುಡಿಯುವ ನಾಯಿಯ ಕೂದಲು ಎಂದೂ ನೆಲ ಮುಟ್ಟಿದ್ದಿಲ್ಲ. ಮುಳ್ಳುಪೊದೆ ಹರಿದುಹಾಕುತ್ತಿತ್ತು, ಇಲ್ಲವೇ ಯಜಮಾನನೇ ಕತ್ತರಿಸುತ್ತಿದ್ದ. ಆದರೆ ಆ ಕತ್ತರಿಗೆ ಇದ್ದ ಉದ್ದೇಶ ಸೆಖೆ ಮತ್ತು ಗಂಟಿನಿಂದ ನಾಯಿಯನ್ನು ಪಾರುಮಾಡುವುದು. ಬೋಳಿಸಿದ ಮೈಯಲ್ಲಿ ಬೆನ್ನು ಬಾಗಿದ್ದರೆ ಬಾಗಿದ್ದೇ ಕಾಣುತ್ತಿತ್ತು. ಈ ಆಕ್ಷೇಪವನ್ನು ಒಪ್ಪಿಕೊಂಡರೆ ಸಿಗುವ ತೀರ್ಮಾನ, ಮೈಗೆ ಸುಳ್ಳು ರೂಪ ಕೊಡುವ ಕತ್ತರಿಗೆ ಅನುಮತಿ ಎಂದಾಗುವುದಿಲ್ಲ. ಗಿಡ್ಡಗೂದಲಿನ ನಾಯಿಗೂ ಕಣದಲ್ಲಿ ಸಮಾನ ಅವಕಾಶ ಎಂದಾಗುತ್ತದೆ. ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಇನ್ನೊಂದು ಮಾತು, ತೀರ್ಪುಗಾರರು ಕೈಯಿಟ್ಟು ನೋಡುತ್ತಾರಲ್ಲ, ಕೂದಲು ಅವರನ್ನು ಮೋಸಮಾಡಲಾರದು ಎಂಬುದು. ನುರಿತ ಕೈ ಮೋಸಹೋಗುವುದಿಲ್ಲ, ನಿಜ. ಆದರೆ ಒಂದು ನಾಯಿಗೆ ಸಿಗುವುದು ಎರಡು ಮೂರು ನಿಮಿಷ. ಅದರಲ್ಲಿ ಕೈ ಮೈಮೇಲಿರುವುದು ಕೆಲವೇ ಕ್ಷಣ. ಉಳಿದದ್ದೆಲ್ಲ ಕಣ್ಣಿನ ಕೆಲಸ, ಓಡಿಸಿ ನೋಡುವುದು, ಸಾಲಿನಲ್ಲಿ ನಿಲ್ಲಿಸಿ ಹೋಲಿಸುವುದು. ಕೈಗೆ ತಿಳಿದದ್ದನ್ನು ಕಣ್ಣು ಮರೆಸಲು ಆ ಹೊತ್ತು ಧಾರಾಳ ಸಾಕು. ಬ್ರಿಟನ್ನಿನ ಕೆನೆಲ್ ಕ್ಲಬ್ಬಿನ ನಿಯಮ ಕೂದಲಿನ ಬಣ್ಣ, ಗುಣ, ದಪ್ಪಗಳನ್ನು ಬದಲಿಸುವ ಯಾವ ವಸ್ತುವೂ ಪ್ರದರ್ಶನದ ಹೊತ್ತಿನಲ್ಲಿ ಮೈಮೇಲಿರಬಾರದು ಎನ್ನುತ್ತದೆ. ಕೈಯೊಂದೇ ಸಾಲುವಂತಿದ್ದರೆ ಅಂಥ ನಿಯಮದ ಅಗತ್ಯವೇ ಬೀಳುತ್ತಿರಲಿಲ್ಲ.

ಕುರಿಯನ್ನೇ ಕಾಣದ ನಾಯಿಗೆ ಕುರಿ ಕಾಯುವ ಮೈ ಏಕೆ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉತ್ತರ ಗೆದ್ದ ನಾಯಿಯ ಮರಿಗಳು ಹೋಗಿ ಸೇರುವ ಮನೆಗಳಲ್ಲಿದೆ. 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ನಾಯಿಗಳ ಕೂದಲಿನ ವೈವಿಧ್ಯದ ಬಹುಭಾಗವನ್ನು ಮೂರೇ ಜೀನ್‌ಗಳು ವಿವರಿಸುತ್ತವೆಂದು ತೋರಿಸಿತು. ಉದ್ದಕ್ಕೆ ಎಫ್‌ಜಿಎಫ್5, ಗಡ್ಡ ಮತ್ತು ಹುಬ್ಬಿಗೆ ಆರ್‌ಎಸ್‌ಪಿಒ2, ಗುಂಗುರಿಗೆ ಕೆಆರ್‌ಟಿ71. ಬಿಯರ್ಡೆಡ್ ಕೋಲಿಯಲ್ಲಿ ಮೊದಲ ಎರಡೂ ತಳಿಯ ಲಕ್ಷಣವಾಗಿಯೇ ಇವೆ. ಹಾಗಿದ್ದ ಮೇಲೆ ಒಂದೇ ತಳಿಯ ಎರಡು ನಾಯಿಗಳ ನಡುವೆ ಎಷ್ಟು ಉದ್ದ, ಎಷ್ಟು ಒರಟು ಎಂಬ ವ್ಯತ್ಯಾಸ ಬೇರೆ ಸಣ್ಣಪುಟ್ಟ ಕಾರಣಗಳಿಂದ ಬರಬೇಕು; ಅವನ್ನು ಯಾವ ದಿಕ್ಕಿಗೆ ಕೂಡಿಹಾಕುತ್ತ ಹೋಗುತ್ತೇವೆಂಬುದು ಯಾವ ನಾಯಿಗೆ ಬಹುಮಾನ ಕೊಟ್ಟು ಮರಿ ಪಡೆಯುತ್ತೇವೆಂಬುದರ ಮೇಲಿದೆ. ಒರಟುಗೂದಲಿನ ಮೇಲಿನ ಕೆಸರು ಒಣಗಿದರೆ ಕೊಡವಿದಾಗ ಉದುರುತ್ತದೆ. ಉದ್ದದ ನವಿರುಗೂದಲು ಅದೇ ಕೆಸರನ್ನು ಸುತ್ತಿಕೊಂಡು ಗಂಟಾಗುತ್ತದೆ. ಪ್ರದರ್ಶನದ ಮನೆಯಲ್ಲಿ ಅದನ್ನು ಬಿಡಿಸುವ ಕೈಗಳಿವೆ. ಅದರ ಮರಿಯನ್ನು ಕೊಂಡ ಸಾಮಾನ್ಯ ಮನೆಯಲ್ಲಿ ಇರುವುದಿಲ್ಲ. ಅಲ್ಲಿ ಗಂಟಿನಡಿಯ ಚರ್ಮ ನೊಂದು, ಕೊಳೆತು, ಕೊನೆಗೆ ಪಶುವೈದ್ಯರ ಯಂತ್ರದಡಿ ಮೈಯೆಲ್ಲ ಬೋಳಾಗುತ್ತದೆ.

1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವೇಲ್ಸ್‌ನ ಬಾಲಾದಲ್ಲಿ ಬ್ರಿಟನ್ನಿನ ಮೊದಲ ಕುರಿನಾಯಿ ಸ್ಪರ್ಧೆಯೂ ನಡೆಯಿತು. ಸ್ಕಾಟ್ಲೆಂಡಿನವನೊಬ್ಬನ ಟ್ವೀಡ್ ಎಂಬ ನಾಯಿ ಅಲ್ಲಿ ಗೆದ್ದಿತು. ಒಂದು ಕಡೆ ರೂಪದ ಪರೀಕ್ಷೆ ನಡೆಸುವ ಕ್ಲಬ್, ಇನ್ನೊಂದು ಕಡೆ ಕೆಲಸದ ಪರೀಕ್ಷೆ, ಎರಡೂ ಒಂದೇ ವರ್ಷದಲ್ಲಿ ಶುರುವಾಗಿ ಬೇರೆ ಬೇರೆ ದಾರಿ ಹಿಡಿದವು. ಇಂದು ಎರಡನ್ನೂ ಒಟ್ಟಿಗೆ ನಡೆಸಲು ಯತ್ನಿಸುವ ಸಾಕಣೆಗಾರರಿದ್ದಾರೆ, ಅವರ ಮೇಲೆ ನನಗೆ ಬಹಳ ಗೌರವ. ಅವರ ನಾಯಿ ಕುರಿಗಳ ನಡುವೆ ಓಡಿಬಂದರೆ ಪಕ್ಕೆಯ ಕೂದಲು ಮುರಿದಿರುತ್ತದೆ, ಕಾಲಿನದು ಹರಿದಿರುತ್ತದೆ. ವಾರದ ಬಳಿಕ ಕಣಕ್ಕಿಳಿದಾಗ ಅದೇ ಮುರಿದ ತುದಿಗಳಿಂದಾಗಿ ಅದು ಹಿಂದೆ ಬೀಳುತ್ತದೆ. ತೀರ್ಪುಗಾರರು ಬದಲಿಸಬೇಕಾದದ್ದು ಮೊದಲು ಇದನ್ನೇ. ಕೂದಲನ್ನು ಎರಡು ಬೆರಳ ನಡುವೆ ಉಜ್ಜಿ ಒರಟು ನೋಡಲಿ, ಬೆರಳನ್ನು ಬುಡಕ್ಕಿಳಿಸಿ ಒಳತುಪ್ಪುಳು ಇದೆಯೋ ಇಲ್ಲವೋ ನೋಡಲಿ, ಬೆನ್ನನ್ನು ಅಂಗೈ ಒತ್ತಿ ಅಳೆಯಲಿ, ಉದ್ದಕ್ಕೆ ಅಂಕ ಕೊಡದಿರಲಿ. ಕತ್ತರಿಯ ಗುರುತು ಕಂಡಲ್ಲಿ ಮಾನದಂಡದಲ್ಲಿ ಬರೆದಿರುವ ದಂಡನೆಯನ್ನು ಬರೆದಂತೆಯೇ ವಿಧಿಸಲಿ. ಇದಕ್ಕಾಗಿ ಹೊಸ ನಿಯಮದ ಒಂದು ಸಾಲೂ ಬೇಕಾಗಿಲ್ಲ.