ಕಿಟಕಿ ಪಕ್ಕದ ಗಿಲಾವು

ನನ್ನ ಪಿಎಚ್‌ಡಿಯ ಪ್ರಶ್ನಾವಳಿಯಲ್ಲಿ 28 ಪ್ರಶ್ನೆಗಳಿವೆ. ಕಟ್ಟಡ ಕಾಮಗಾರಿಯಲ್ಲಿ ಅಳತೆ, ಅಂದಾಜು, ಬಿಲ್ಲು ನೋಡಿಕೊಳ್ಳುವ ಕ್ವಾಂಟಿಟಿ ಸರ್ವೇಯರ್‌ಗಳಿಗೆ ಯಾವ ಕೌಶಲವಿದೆ, ಯಾವುದು ಸಾಲದು ಎನ್ನುವುದು ವಿಷಯ. ಎಕ್ಸೆಲ್, ಬಿಮ್, ದರ ವಿಶ್ಲೇಷಣೆ, ಕರಾರಿನ ಕಾನೂನು. ಪ್ರತಿಯೊಂದಕ್ಕೂ ಅವರೇ ತಮಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಕಳಿಸುವ ಮೊದಲು ಪರೀಕ್ಷೆಗೆಂದು ನಾನೇ ತುಂಬಲು ಕೂತೆ. ‘ಅಳತೆಯ ನಿಯಮಗಳ ಅರಿವು’ ಎಂಬಲ್ಲಿ ಕೈ ನಿಂತಿತು.

ಸಂಶೋಧನೆಗೆ ಬರುವ ಮುಂಚೆ ಎರಡು ವರ್ಷ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ಬಿಲ್ಲಿಂಗ್ ಎಂಜಿನಿಯರ್ ಆಗಿದ್ದೆ. ಬ್ರಿಟನ್ನಿನಲ್ಲಿ ಇದಕ್ಕೇ ಪ್ರತ್ಯೇಕ ಪದವಿಯಿದೆ. ನಾನು ಬಿ.ಇ. ಕೊನೆಯ ವರ್ಷದಲ್ಲಿ ಓದಿದ್ದು ಒಂದೇ ಪೇಪರ್: ಎರಡು ಕೋಣೆಯ ಮನೆಯ ನಕ್ಷೆ, ಸೆಂಟರ್ ಲೈನ್ ವಿಧಾನ, ಇಟ್ಟಿಗೆ ಎಷ್ಟು, ಸಿಮೆಂಟ್ ಎಷ್ಟು. ಅಷ್ಟನ್ನೇ ನಂಬಿಕೊಂಡು ನೂರಾರು ಜನರ ಕೂಲಿ ಲೆಕ್ಕ ಹಾಕುವ ಕುರ್ಚಿಯಲ್ಲಿ ಕೂತೆ. ಹಿಂದಿನವರು ಬಿಟ್ಟುಹೋದ ಎಕ್ಸೆಲ್ ಶೀಟ್ ಇತ್ತು. ಉದ್ದ, ಎತ್ತರ ತುಂಬಿದರೆ ಮೂರು ದಶಮಾಂಶದವರೆಗೆ ಉತ್ತರ ಬರುತ್ತಿತ್ತು. ಅಷ್ಟು ಚೊಕ್ಕಟವಾಗಿ ಬಂದದ್ದು ತಪ್ಪಿರಬಹುದೆಂದು ನನಗೆ ಅನ್ನಿಸಲೇ ಇಲ್ಲ.

ಪ್ಲಾಸ್ಟರಿಂಗ್ ಗುತ್ತಿಗೆ ಹಿಡಿದಿದ್ದ ಮೇಸ್ತ್ರಿ ರಾಯಚೂರು ಕಡೆಯವರು. ಬಿಲ್ಲು ನೋಡಿ, “ಹನ್ನೆರಡು ಚದರ ಕಮ್ಮಿ ಬಂದೈತ್ರೀ” ಅಂದರು. ನಾನು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಕಿಟಕಿ ಇರುವಲ್ಲಿ ಗೋಡೆಯೇ ಇಲ್ಲ, ಆದ್ದರಿಂದ ಒಳಮುಖದಲ್ಲೂ ಹೊರಮುಖದಲ್ಲೂ ಕಳೆದಿದ್ದೇನೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು: “ಮತ್ತ ಕಿಟಕಿ ಪಕ್ಕಕ್ಕ ಗಿಲಾವು ಯಾರು ಮಾಡ್ಯಾರ್ರೀ?”

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಅಂದೆ. ಅವರು ಸಹಿ ಹಾಕಿ ಹೋದರು.

ಕೆಲವು ತಿಂಗಳ ಮೇಲೆ ಬೇರಾವುದೋ ತಕರಾರಿಗಾಗಿ ಐಎಸ್ 1200 ತೆರೆದೆ. ಅಳತೆ ಹೇಗೆ ಮಾಡಬೇಕೆಂದು ಹೇಳುವ ಭಾರತೀಯ ಮಾನಕ ಅದು. ಅಳತೆ ಅದರಂತೆಯೇ ಎಂದು ನಮ್ಮ ಕರಾರಿನಲ್ಲೂ ಬರೆದಿತ್ತು. ಪ್ಲಾಸ್ಟರಿಂಗ್‌ನಲ್ಲಿ 0.5 ಚದರ ಮೀಟರ್‌ವರೆಗಿನ ತೆರವಿಗೆ ಏನೂ ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮುಖದ್ದನ್ನು ಬಿಡುವುದು ಕಿಟಕಿಯ ಪಕ್ಕ, ಮೇಲು, ಕೆಳಗು ಮೆತ್ತಿದ ಕೆಲಸಕ್ಕೆ ಬದಲಾಗಿ. ಮೇಸ್ತ್ರಿ ಕೇಳಿದ ಪ್ರಶ್ನೆಯೇ ಅಲ್ಲಿ ನಿಯಮವಾಗಿ ಅಚ್ಚಾಗಿತ್ತು.

ಲೆಕ್ಕ ಹಾಕಿದೆ. 1.2 ಮೀಟರ್‌ಗೆ 1.5 ಮೀಟರ್‌ನ 64 ಕಿಟಕಿಗಳು. ತಪ್ಪಾಗಿ ಕಳೆದದ್ದು 115.2 ಚದರ ಮೀಟರ್, ಅಂದರೆ 1,240 ಚದರ ಅಡಿ. ನೂರು ಅಡಿಗೊಂದು ಚದರದಂತೆ ಹನ್ನೆರಡು ಚದರ, ಮೇಲೆ ಸ್ವಲ್ಪ. ಅಡಿಗೆ 20 ರೂಪಾಯಿಯಂತೆ 24,800 ರೂಪಾಯಿ.

ಹಿರಿಯರಿಗೆ ಹೇಳಿದೆ. “ಫೈನಲ್ ಬಿಲ್ ಆಗಿದೆ. ಒಬ್ಬರದ್ದು ಬಿಚ್ಚಿದರೆ ಎಲ್ಲರೂ ಬರ್ತಾರೆ,” ಅಂದರು. ಮುಂದಿನ ಬಿಲ್ಲುಗಳಿಗಾಗಿ ಶೀಟಿನ ಸೂತ್ರ ತಿದ್ದಿದೆ. ಮೇಸ್ತ್ರಿಯ ನಂಬರ್ ನನ್ನ ಫೋನಿನಲ್ಲಿತ್ತು. ಫೋನ್ ಮಾಡಲಿಲ್ಲ.

ಕೌಶಲದ ಕೊರತೆ ಎಂದು ನಾವು ಬರೆಯುವಾಗ ನಮ್ಮ ಮನಸ್ಸಿನಲ್ಲಿರುವುದು ಹೊಸ ಸಾಫ್ಟ್‌ವೇರ್, ಹೊಸ ತರಬೇತಿ. ನಿಯಮ ಗೊತ್ತಿಲ್ಲದ್ದು ನನ್ನ ಮೊದಲ ಕೊರತೆ. ಅದಕ್ಕೆ ತರಬೇತಿ ಸಾಕು. ಗೊತ್ತಾದ ಮೇಲೂ ಬಾಯಿ ಬಿಡದಿದ್ದದ್ದು ಎರಡನೆಯದು. ಅದನ್ನು ಕೇಳುವ ಪ್ರಶ್ನೆ ನನ್ನ 28ರಲ್ಲಿ ಇರಲಿಲ್ಲ.

ಈಗ 29ನೆಯದೊಂದು ಸೇರಿಸಿದ್ದೇನೆ: ‘ನೀವು ಕೊಟ್ಟ ಅಳತೆ ತಪ್ಪೆಂದು ನಿಮಗೇ ಗೊತ್ತಾದಾಗ ಏನು ಮಾಡಿದಿರಿ?’ ಇದಕ್ಕೆ ಅಂಕ ಹೇಗೆ ಕೊಡುತ್ತೀರಿ ಎಂದು ಗೈಡ್ ಕೇಳಿದ್ದಾರೆ. ಇನ್ನೂ ಹೊಳೆದಿಲ್ಲ. ಅದರ ಕೆಳಗಿನ ಖಾಲಿ ಗೆರೆಯಲ್ಲಿ ಮೊದಲ ಉತ್ತರ ನನ್ನದೇ ಬರೆದೆ: ಸುಮ್ಮನಿದ್ದೆ.